ಆಚಾರ್ರು ಆರಿಸಿಕೊಡದ ಕೈ

ನಮ್ಮ ಆಚಾರ್ರ ಎರಡು ಕಿವಿಗಳಿಗೂ ಬಿಡುವಿರಲಿಲ್ಲ. ಬಲಗಿವಿಯ ಮೇಲೆ ಬಡಗಿ ಪೆನ್ಸಿಲ್, ಎಡಗಿವಿಯ ಮೇಲೆ ಹಚ್ಚದ ಬೀಡಿ. ಬೀಡಿ ಸೇದುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದರೂ ದಿನಾ ಬೆಳಿಗ್ಗೆ ಹೊಸದೊಂದನ್ನು ಸಿಕ್ಕಿಸಿಕೊಂಡೇ ಅಂಗಡಿ ಬಾಗಿಲು ತೆಗೆಯುತ್ತಿದ್ದರು. "ಅದು ಅಲ್ಲಿದ್ರೆ ವಸಿ ಧೈರ್ಯ ಕಣವ್ವ" ಅನ್ನುತ್ತಿದ್ದರು. ಕೆಲಸದ ಭರದಲ್ಲಿ ಎಷ್ಟೋ ಸಲ ಮರದ ಮೇಲೆ ಗೆರೆ ಎಳೆಯಲು ಬೀಡಿಯನ್ನೇ ತೆಗೆದು, ಅದು ಪುಡಿಯಾದ ಮೇಲೆ ಪಕ್ಕದಲ್ಲಿ ಇದ್ದವರಿಗೆ ಬೈಯುತ್ತಿದ್ದರು.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ರೇಷ್ಮೆ ಮಗ್ಗ ಇಲ್ಲದ ಮನೆ ಆಗ ಕಡಿಮೆ. ಆ ಮಗ್ಗಗಳನ್ನೆಲ್ಲ ಮಾಡಿದವರು, ಕೆಟ್ಟಾಗ ರಿಪೇರಿ ಮಾಡುತ್ತಿದ್ದವರು ಬೀದಿಯ ಕೊನೆಯಲ್ಲಿದ್ದ ಈ ಆಚಾರ್ರು. ಅವರ ಕೆಲಸದ ರೀತಿ ಅವಸರದವರಿಗೆ ಒಗ್ಗುತ್ತಿರಲಿಲ್ಲ. ಯಾರಾದರೂ ಮಗ್ಗಕ್ಕೆ ಹೊಸ ಹಲಗೆ ಮಾಡಿಕೊಡಿ ಎಂದರೆ ಮೊದಲು ಬಂದು ನೇಯುವವರ ಪಕ್ಕದಲ್ಲಿ ಅರ್ಧ ದಿನ ಸುಮ್ಮನೆ ಕೂರುತ್ತಿದ್ದರು. ಯಾವ ಭುಜ ಎತ್ತುತ್ತಾರೆ, ಎಷ್ಟು ಬಗ್ಗುತ್ತಾರೆ, ಎಲ್ಲಿ ಉಸಿರು ಬಿಡುತ್ತಾರೆ ಎಂದು ನೋಡುತ್ತಿದ್ದರು. ಅಷ್ಟರಲ್ಲಿ ಎರಡು ಲೋಟ ಕಾಫಿ ಮುಗಿದಿರುತ್ತಿತ್ತು. ಆಮೇಲೆಯೇ ಮರಕ್ಕೆ ಉಳಿ. ಮಾಡಿ ಮುಗಿಸಿದ ಮೇಲೆ ಅಂಗಿ ಜೇಬಿನಿಂದ ಒಂದು ಮುಷ್ಟಿ ರೇಷ್ಮೆ ಸಿಕ್ಕು ತೆಗೆದು ಮರದ ಮೇಲೆಲ್ಲ ಸವರುತ್ತಿದ್ದರು. ಎಲ್ಲಾದರೂ ಒಂದು ಎಳೆ ತಗುಲಿಕೊಂಡರೆ ಆ ಕೆಲಸ ಆಗಿಲ್ಲ ಎಂದೇ ಅರ್ಥ. ಮತ್ತೆ ಉಜ್ಜುತ್ತಾ ಕೂರುವುದು. ನಾವು ಮಗ್ಗ ಖಾಲಿ ಇಟ್ಟುಕೊಂಡು ಕಾಯುವುದು.

ನನ್ನ ಎಡಗೈ ಹೋದದ್ದು ಯಳಂದೂರಿಗೆ ಹೋಗುವ ದಾರಿಯಲ್ಲಿ. ನೆಂಟರ ಮನೆಯ ನಾಮಕರಣಕ್ಕೆ ಹೊರಟಿದ್ದೆ. ಬಸ್ಸಿನ ಎಡಗಡೆ ಕಿಟಕಿ ಪಕ್ಕ ಜಾಗ ಸಿಕ್ಕಿದ್ದೇ ದೊಡ್ಡ ಪುಣ್ಯವೆಂದುಕೊಂಡು ಮೊಣಕೈ ಹೊರಗೆ ಚಾಚಿ ಕೂತಿದ್ದೆ. ಎದುರಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಬಂತು, ಬಸ್ಸು ಎಡಕ್ಕೆ ಸರಿಯಿತು, ಅಲ್ಲಿ ಕೆಟ್ಟು ನಿಂತ ಲಾರಿಯೊಂದಿತ್ತು. ಅಷ್ಟೇ. ಮೈಸೂರಿನ ಆಸ್ಪತ್ರೆಯಲ್ಲಿ ಮೊಣಕೈಯಿಂದ ನಾಲ್ಕು ಬೆರಳಗಲ ಕೆಳಗೆ ಕತ್ತರಿಸಿದರು. ಆಗ ನನಗೆ ಇಪ್ಪತ್ತೈದು. ಅಪ್ಪ ತೀರಿಕೊಂಡ ಮೇಲೆ ಮನೆಯ ಮಗ್ಗದಲ್ಲಿ ಕೂರುತ್ತಿದ್ದವಳು ನಾನೊಬ್ಬಳೇ. ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈ ಹಲಗೆಯನ್ನು ಎಳೆದು ಬಡಿದರೆ ಎಳೆ ಕೂಡುತ್ತದೆ. ಎಡಗೈ ಇಲ್ಲದವಳು ಮಗ್ಗದಲ್ಲಿ ಕೂತು ಮಾಡುವುದೇನು? ಆಸ್ಪತ್ರೆಯ ಹಾಸಿಗೆಯ ಮೇಲೆ ಈ ಪ್ರಶ್ನೆ ಬಿಟ್ಟು ನನಗೆ ಬೇರೇನೂ ಹೊಳೆಯುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಬೀದಿಯವರೆಲ್ಲ ಬಂದರು. ಎಳನೀರು ತಂದರು, ಬ್ರೆಡ್ಡು ತಂದರು, ಅತ್ತರು. ಆಚಾರ್ರು ಮಾತ್ರ ಬರಲಿಲ್ಲ. ಮೂರು ವಾರವಾದರೂ ಸುಳಿವಿಲ್ಲ. ಅವ್ವ ಬೇಜಾರು ಮಾಡಿಕೊಂಡಳು. ನಾನೂ ಮಾಡಿಕೊಂಡೆ.

ಕೊನೆಗೆ ಒಂದು ದಿನ ಬಂದರು. ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟೊಂದಿತ್ತು. ಬಿಚ್ಚಿದರೆ ಒಂದು ಕೈ. ಹನೂರು ಕಡೆಯಿಂದ ತರಿಸಿದ ಹಗುರ ಹಾಲೆ ಮರದಲ್ಲಿ ಕೆತ್ತಿದ ಎಡಗೈ. ಉಗುರುಗಳಿದ್ದವು, ಬೆರಳ ಗೆಣ್ಣುಗಳಿದ್ದವು, ಅಂಗೈಯಲ್ಲಿ ಗೆರೆಗಳಿದ್ದವು. ನನ್ನ ಎಡಗೈಯ ಕಿರುಬೆರಳು ಹುಟ್ಟಿನಿಂದಲೇ ತುಸು ಒಳಕ್ಕೆ ಬಾಗಿತ್ತು. ಆ ಬಾಗನ್ನೂ ಬಿಟ್ಟಿರಲಿಲ್ಲ. ನನಗೇ ಮರೆಯುತ್ತಾ ಬಂದಿದ್ದ ಬೆರಳು ಅದು. ನೋಡಿ ಅಳು ತಡೆಯಲಾಗಲಿಲ್ಲ. ಅವ್ವನಿಗಂತೂ ದೇವರೇ ಬಂದಷ್ಟು ಸಂತೋಷವಾಯಿತು.

ಅವ್ವನ ಸಂತೋಷಕ್ಕೆ ಕಾರಣ ಬೇರೆಯೇ ಇತ್ತು. ಅಪಘಾತಕ್ಕೆ ಮುಂಚೆ ಯಳಂದೂರಿನ ಕಡೆಯವರೊಬ್ಬರು ತಮ್ಮ ಹುಡುಗನಿಗೆ ನನ್ನನ್ನು ಕೇಳಿದ್ದರು. ವಿಷಯ ತಿಳಿದ ಮೇಲೂ ಬೇಡ ಅಂದಿರಲಿಲ್ಲ. ವಾಸಿಯಾದ ಮೇಲೆ ಬಂದು ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. "ಇದ್ನ ಆಕ್ಕೊಂಡು ಮ್ಯಾಲೆ ಸೆರಗ ಮುಚ್ಕಂಡು ಕೂತ್ಕೊ ಮಗ. ಯಾರ್ಗೂ ಗೊತ್ತಾಗಕಿಲ್ಲ" ಎಂದಳು ಅವ್ವ.

ಆಚಾರ್ರು ಪಟ್ಟಿ ಬಿಗಿದು ಕೈ ಕಟ್ಟಿದರು. "ಎಲ್ಲಿ, ಮಗ್ಗುಕ್ಕೆ ಇಳಿ ನೋಡಾಣ" ಅಂದರು.

ಮಗ್ಗದ ಕೆಳಗಿನ ಗುಣಿಗೆ ಕಾಲು ಇಳಿಬಿಟ್ಟು ಕೂತೆ. ಬಲಗೈಯಲ್ಲಿ ಹಗ್ಗ ಎಳೆದೆ, ಲಾಳಿ ಓಡಿತು. ಎಡಗೈಯಿಂದ ಹಲಗೆ ಎಳೆಯಲು ಹೋದೆ. ಅಷ್ಟು ಚಂದದ ಬೆರಳುಗಳು ಹಲಗೆಯ ಮೇಲಿಂದ ಜಾರಿ ನೇರ ಹಾಸಿನ ಬಿಗಿದ ಎಳೆಗಳ ಮೇಲೆ ಬಿದ್ದವು. ಉಗುರಿನ ಅಂಚಿಗೆ ರೇಷ್ಮೆ ತಗುಲಿ ಪಟಪಟನೆ ಹತ್ತಾರು ಎಳೆ ಕಿತ್ತುಹೋದವು. ಎಲ್ಲ ಕೆಲಸಕ್ಕೂ ರೇಷ್ಮೆ ಸವರಿ ನೋಡುತ್ತಿದ್ದ ಮನುಷ್ಯ ಇದೊಂದಕ್ಕೆ ಸವರಿ ನೋಡಿರಲಿಲ್ಲ. ನನ್ನ ಪಕ್ಕ ಅರ್ಧ ದಿನ ಕೂತೂ ಇರಲಿಲ್ಲ. ಅದು ಅವರಿಗೆ ಆಗಲೇ ಹೊಳೆದಿರಬೇಕು. ಬಗ್ಗಿ ಕಿತ್ತುಹೋದ ಎಳೆಗಳನ್ನು ಬೆರಳಿನಿಂದ ಎತ್ತಿ ನೋಡಿದರು.

"ನೋಡೋರ್ಗೆ ಮಾಡ್ಬುಟ್ಟೆ ಕಣವ್ವ. ನಿಂಗ್ ಮಾಡ್ನಿಲ್ಲ" ಅಂದರು.

ಅವ್ವ ಬೇಡ ಬೇಡವೆಂದು ಕೂಗಿಕೊಂಡರೂ ಕೇಳದೆ ಕೈಯನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಮತ್ತೆ ಯಾವತ್ತೂ ಅದರ ಮಾತೆತ್ತಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಬರಿಗೈಯಲ್ಲಿ ಬಂದು ಕೂತರು. ನಾನು ತಲೆ ಬಾಚಿಕೊಳ್ಳುವುದು, ಬಕೆಟ್ಟು ಎತ್ತುವುದು, ಸೊಪ್ಪು ಬಿಡಿಸುವುದು ಎಲ್ಲವನ್ನೂ ನೋಡಿದರು. ಜಡೆ ಹಾಕಲಾಗದೆ ನಾನು ಬಾಚಣಿಗೆ ಎಸೆದದ್ದನ್ನೂ ನೋಡಿದರು. "ಎಸ್ದಿದ್ದು ಯಾವ್ ಕೈಲಿ? ಆ ಕೈ ಸಂದಾಗದಲ್ಲ, ಅದ್ಕೇನಾಗದ" ಎಂದರು. ಸಮಾಧಾನ ಹೇಳುವುದು ಅವರಿಗೆ ಬರುತ್ತಿರಲಿಲ್ಲ, ಬರುತ್ತಿದ್ದುದು ಇಂಥ ಮಾತೇ.

ಮುಂದಿನ ವಾರ ಧನಗೆರೆಗೆ ಹೋಗಿ, ಅಲ್ಲಿ ಎತ್ತುಗಳಿಗೆ ಕೊರಳಪಟ್ಟಿ ಹೊಲಿಯುವವರೊಬ್ಬರಿಂದ ಚರ್ಮದ ಪಟ್ಟಿ ಮಾಡಿಸಿಕೊಂಡು ಬಂದರು. ಅದಕ್ಕೊಂದು ಮರದ ಗೂಟ ಸೇರಿಸಿದರು. ನೋಡಲು ಥೇಟ್ ಒನಕೆಯ ಮರಿ.

"ಎತ್ತಿನ್ ಪಟ್ಟಿಯ ನಂಗ್ ಕಟ್ತೀರಾ ಆಚಾರ್ರೇ?"

"ಎತ್ತೂ ದುಡೀತದ, ನೀನೂ ದುಡೀತೀಯ. ಸುಮ್ನೆ ಕೈ ಚಾಚು."

ಆ ಗೂಟಕ್ಕೆ ಹಲಗೆ ಸಿಕ್ಕಿತು. ಎಳೆದೆ, ಬಡಿಯಿತು. ಆವತ್ತು ನಾಲ್ಕು ಬೆರಳಗಲ ನೇಯುವಷ್ಟರಲ್ಲಿ ಭುಜ ಬಿದ್ದುಹೋಯಿತು, ಆದರೆ ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದೆ. ಒಂದೇ ಕೊರತೆ. ಎಳೆ ಕಿತ್ತರೆ ಗಂಟು ಹಾಕಲು ಒಂದು ತುದಿ ಹಿಡಿದುಕೊಳ್ಳುವವರು ಬೇಕಿತ್ತು. ಗೂಟ ಬಡಿಯುತ್ತದೆ, ಹಿಡಿಯುವುದಿಲ್ಲ.

ಹಿಡಿಯುವ ಕೈಗಾಗಿ ಮೈಸೂರಿನ ಕೃತಕ ಅಂಗ ಕೇಂದ್ರಕ್ಕೆ ಹೊರಟೆವು. ನಾನು, ಅವ್ವ, ಆಚಾರ್ರು. ಅಲ್ಲಿದ್ದ ಹುಡುಗಿ ತಾಳ್ಮೆಯವಳು. ಮೇಜಿನ ಮೇಲೆ ಎರಡು ಕೈ ಇಟ್ಟಳು. ಒಂದು ರಬ್ಬರಿನದು. ನಮ್ಮ ಚರ್ಮದ್ದೇ ಬಣ್ಣ, ಉಗುರಿಗೆ ಹೊಳಪು, ನರಗಳು ಕೂಡ ಕಾಣುತ್ತಿದ್ದವು. ಆದರೆ ಬೆರಳು ಅಲ್ಲಾಡುವುದಿಲ್ಲ. ಇನ್ನೊಂದು ಉಕ್ಕಿನ ಕೊಕ್ಕೆ. ಬೆನ್ನಿನ ಮೇಲೆ ಹಾದುಬರುವ ಪಟ್ಟಿಯಿಂದ ಒಂದು ತಂತಿ ಅದಕ್ಕೆ ಕಟ್ಟಿರುತ್ತದೆ, ಭುಜ ಮುಂದಕ್ಕೆ ದೂಡಿದರೆ ಕೊಕ್ಕೆ ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ. ಕರೆಂಟಿನ ಕೈಯೂ ಇದೆಯಂತೆ, ಅದು ನಮ್ಮಂಥವರ ಕೈಗೆಟುಕುವುದಲ್ಲ. ಸರ್ಕಾರದಿಂದ ಸಿಗುವುದು ಈ ಎರಡರಲ್ಲಿ ಒಂದು ಮಾತ್ರ. ಇನ್ನೊಂದು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. "ಯೋಚನೆ ಮಾಡಿ ಫಾರಂನಲ್ಲಿ ಟಿಕ್ ಹಾಕಿ" ಎಂದಳು ಹುಡುಗಿ.

ಆಚಾರ್ರು ಕೊಕ್ಕೆಯನ್ನು ಎತ್ತಿಕೊಂಡು, ಜೇಬಿನಿಂದ ರೇಷ್ಮೆ ಸಿಕ್ಕು ತೆಗೆದು ಎಲ್ಲರೆದುರೇ ಸವರಲು ಶುರುಮಾಡಿದರು. ಬಾಯಿಯ ಒಳಗಡೆ ಒಂದು ಎಳೆ ತಗುಲಿತು.

"ಮೇಡಮ್ನೋರೇ, ಇಲ್ಲಿ ಎಳೆ ಕಡೀತದ."

"ಇದು ಹೊಸ ಪೀಸು ಯಜಮಾನ್ರೇ. ಬಕೆಟ್, ಚೀಲ ಎಲ್ಲ ಚೆನ್ನಾಗಿ ಹಿಡಿಯುತ್ತೆ."

"ಬಕೀಟು ಇಡಿಯಾಕೆ ನಾನಿದ್ದೀನಿ. ಇವ್ಳು ರೇಸ್ಮೆ ಇಡೀಬೇಕು."

ಅವಳಿಗೆ ನಗು ಬಂತು. ಆದರೆ ಒಳಗೆ ಹೋಗಿ ಕೊಕ್ಕೆಯನ್ನು ಉಜ್ಜಿಸಿ ತಂದಳು. ಆಚಾರ್ರು ಮತ್ತೆ ಸವರಿದರು, ಮತ್ತೆ ಉಜ್ಜಿಸಿದರು. ಮೂರನೆಯ ಸಲಕ್ಕೆ ಎಳೆ ತಗುಲಲಿಲ್ಲ. ಅಷ್ಟರಲ್ಲಿ ಅವ್ವ ರಬ್ಬರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದರ ಬೆರಳುಗಳನ್ನು ಸವರುತ್ತಿದ್ದಳು. "ಯಳಂದೂರ್ನೋರು ಬರೋ ಸೋಮ್ವಾರ ಬತ್ತಾರಂತೆ ಮಗ. ಅವ್ರ ಮುಂದ್ಗಡೆ ಆ ಕಬ್ಬುಣ್ವ ಇಟ್ಕಂಡು ಎಂಗ್ ಕೂತ್ಕತೀಯೆ?" ಎಂದಳು.

ನಾನು ಆಚಾರ್ರ ಕಡೆ ತಿರುಗಿದೆ. "ನೀವೇ ಹೇಳಿ. ಯಾವುದು ತಗೊಳ್ಲಿ?"

"ನಾ ಏಳಕಿಲ್ಲ. ಕೈ ನಿಂದು" ಎಂದವರೇ ಟೀ ಕುಡಿಯಲು ಹೊರಗೆ ಹೋಗಿಬಿಟ್ಟರು.

ಆವತ್ತು ಅವರ ಮೇಲೆ ಬಂದಷ್ಟು ಸಿಟ್ಟು ಆ ಬಸ್ಸಿನ ಡ್ರೈವರ್ ಮೇಲೂ ಬಂದಿರಲಿಲ್ಲ. ಇಷ್ಟು ದಿನ ಜೊತೆಯಲ್ಲಿದ್ದು ಬೇಕಾದ ಹೊತ್ತಿಗೆ ಕೈಬಿಟ್ಟರಲ್ಲ ಅನ್ನಿಸಿತು. ಒಂದು ಕಡೆ ಅವ್ವ, ಒಂದು ಕಡೆ ಮಗ್ಗ. ಫಾರಂ ಮೇಲೆ ಪೆನ್ನು ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಮದುವೆಯಾಗಬಾರದು ಅಂತೇನೂ ನನಗಿರಲಿಲ್ಲ. ಎಲ್ಲರ ಹಾಗೆ ನನಗೂ ಆಸೆಯಿತ್ತು. ಆದರೆ ಜೀವನವಿಡೀ ಸೆರಗಿನ ಕೆಳಗೆ ಒಂದು ಕೈ ಬಚ್ಚಿಟ್ಟುಕೊಂಡು ಕೂರುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಕೊಕ್ಕೆಗೆ ಟಿಕ್ ಹಾಕಿದೆ. ಅವ್ವ ಬಸ್ಸಿನಲ್ಲಿ ಊರು ಬರುವವರೆಗೂ ನನ್ನ ಕಡೆ ತಿರುಗಲಿಲ್ಲ.

ಎಷ್ಟೋ ದಿನದ ಮೇಲೆ ಆಚಾರ್ರನ್ನು ಕೇಳಿದೆ, ಯಾಕೆ ಹೇಳಲಿಲ್ಲ ಅಂತ. "ನಾನೇಳಿದ್ರೆ ಮೊದ್ಲುನೇ ಸಲ ಎಳೆ ಕಿತ್ತೋದಾಗ ನನ್ನ ಬೈಕಂಡು ಅದ್ನ ಮೂಲೆಗೆ ಎಸೀತಿದ್ದೆ. ಈಗ ಬೈಯಾಕೆ ಯಾರವ್ರೆ, ಏಳು?" ಎಂದರು.

ಯಳಂದೂರಿನವರು ಸೋಮವಾರ ಬಂದರು. ಮೈಸೂರಿನಲ್ಲಿ ಅಳತೆ ಕೊಟ್ಟು ಬಂದಿದ್ದ ಹೊಸ ಕೈ ಇನ್ನೂ ಬಂದಿರಲಿಲ್ಲ. ನಾನು ಎತ್ತಿನ ಪಟ್ಟಿ, ಗೂಟ ಕಟ್ಟಿಕೊಂಡೇ ಕಾಫಿ ತಟ್ಟೆ ಹಿಡಿದು ಹೊರಗೆ ಬಂದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಹುಡುಗ ಒಳ್ಳೆಯವನೇ ಇದ್ದಿರಬಹುದು, ಗೂಟದಿಂದ ಕಣ್ಣು ಕಿತ್ತು ನನ್ನ ಮುಖ ನೋಡಿದ್ದರೆ ನನಗೂ ತಿಳಿಯುತ್ತಿತ್ತು. ಹೋಗಿ ತಿಳಿಸುತ್ತೇವೆ ಎಂದು ಹೋದವರು ಇವತ್ತಿನವರೆಗೂ ತಿಳಿಸಿಲ್ಲ. ಅವ್ವ ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕರೆಯುವಾಗಲೂ ಗೋಡೆಗೆ ಹೇಳುತ್ತಿದ್ದಳು.

ಕೊಕ್ಕೆಯನ್ನು ಪಳಗಿಸಿಕೊಳ್ಳುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಭುಜ ಒಂದಿಷ್ಟು ಹೆಚ್ಚು ದೂಡಿದರೆ ಎಳೆ ಬಿದ್ದುಹೋಗುತ್ತಿತ್ತು. ಪಟ್ಟಿ ಉಜ್ಜಿ ಕಂಕುಳು ಹುಣ್ಣಾಯಿತು. ಅಳುತ್ತಿದ್ದೆ, ಬೈಯುತ್ತಿದ್ದೆ. ಆಚಾರ್ರು ಹೇಳಿದ್ದು ನಿಜ, ಬೈಯಲು ನನ್ನನ್ನು ಬಿಟ್ಟು ಇನ್ನು ಯಾರೂ ಇರಲಿಲ್ಲ. ಮೊದಲ ಸೀರೆ ಮಗ್ಗದಿಂದ ಇಳಿಯಲು ಎರಡೂವರೆ ತಿಂಗಳು ಹಿಡಿಯಿತು. ಮೊದಲಾದರೆ ಹದಿನೈದು ದಿನದ ಕೆಲಸ. ಅದನ್ನು ಮಡಿಸುವಾಗ ಅವ್ವ ಬಂದು ಪಕ್ಕದಲ್ಲಿ ಕೂತಳು. ನನ್ನ ಕೊಕ್ಕೆಯನ್ನು ತನ್ನ ಸೆರಗಿನಲ್ಲಿ ಒರೆಸಿದಳು, ನಾನು ಚಿಕ್ಕವಳಿದ್ದಾಗ ಊಟವಾದ ಮೇಲೆ ಕೈ ಒರೆಸುತ್ತಿದ್ದ ಹಾಗೆ. ಈಗ ಸಂತೆಯಲ್ಲಿ ಸಿಕ್ಕವರಿಗೆಲ್ಲ ನನ್ನ ಕೊಕ್ಕೆಯ ಗುಣಗಾನ ಮಾಡುವವಳು ಅವಳೇ, ಕೇಳಲಾಗುವುದಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಆಚಾರ್ರು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಅಂಗಡಿಯಲ್ಲೇ ಒರಗಿದವರು ಏಳಲಿಲ್ಲ. ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಇದೆ. ಸಾವಾದರೆ ಹೆಣ ಬೀದಿ ದಾಟುವವರೆಗೆ ಯಾವ ಮನೆಯಲ್ಲೂ ಮಗ್ಗ ಆಡುವ ಹಾಗಿಲ್ಲ. ಸಾಯಂಕಾಲದೊಳಗೆ ಇಡೀ ಬೀದಿ ನಿಶ್ಶಬ್ದವಾಯಿತು. ನಾನೂ ಕೊಕ್ಕೆ ಬಿಚ್ಚಿಟ್ಟು ಬಾಗಿಲಲ್ಲಿ ಕೂತೆ.

ಮಾರನೆಯ ದಿನ ಬೆಳಿಗ್ಗೆ ಇನ್ನೇನು ಎತ್ತುತ್ತಾರೆ ಅನ್ನುವಾಗ ಆಚಾರ್ರ ಹೆಂಡತಿ ಜನರ ನಡುವಿನಿಂದ ಎದ್ದು, ಇಬ್ಬರ ತೋಳು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾನು ಗಾಬರಿಯಿಂದ ಎದ್ದು ನಿಂತೆ.

"ಯಾಕವ್ವ ಮಗ್ಗ ನಿಲ್ಸಿದ್ದೀಯೆ?" ಎಂದರು.

"ನಿಲ್ಲಿಸ್ಬೇಕಲ್ಲ ಅಮ್ಮ" ಎಂದೆ.

"ಬೇರೇರು ನಿಲ್ಸ್ಲಿ. ನಿನ್ ಮಗ್ಗದ್ ಸದ್ದು ಕೇಳ್ಸ್ದೆ ನಾಕ್ ವರ್ಸದಿಂದ ಅವ್ರು ಬೆಳಿಗ್ಗೆ ಅಂಗ್ಡಿಗೆ ಓಗ್ತಿರ್ನಿಲ್ಲ. ಬಾಗ್ಲಲ್ಲಿ ನಿಂತ್ಕಂಡು ಕಿವಿಗೊಡೋರು. 'ಆ, ಕೂತವ್ಳೆ' ಅನ್ನೋರು, ಆಮ್ಯಾಕೆ ಓಗೋರು. ಇವತ್ತು ಎಂಗ್ ಓದಾರು?"

ಬೀದಿಯ ಹಿರಿಯರೊಬ್ಬರು ಆಗಲಿ ಎಂದು ತಲೆಯಾಡಿಸಿದರು. ಅವ್ವ ಒಳಗಿನಿಂದ ಕೊಕ್ಕೆ ತಂದು ತಾನೇ ನನ್ನ ಭುಜಕ್ಕೆ ಪಟ್ಟಿ ಬಿಗಿದಳು.

ಮಗ್ಗಕ್ಕೆ ಇಳಿದು ಕೂತೆ. ಮೊದಲ ಏಟು ಬಿದ್ದಾಗ ಆ ನಿಶ್ಶಬ್ದದಲ್ಲಿ ನನಗೇ ಬೆಚ್ಚಿದಂತಾಯಿತು. ಹಗ್ಗ ಎಳೆದೆ, ಹಲಗೆ ಬಡಿದೆ, ಎಳೆದೆ, ಬಡಿದೆ. ಅವರನ್ನು ಹೊತ್ತವರು ನಮ್ಮ ಬಾಗಿಲ ಮುಂದೆ ಬಂದು ಒಂದು ಕ್ಷಣ ನಿಂತದ್ದು, ಮತ್ತೆ ನಡೆದದ್ದು ಕಾಲಸಪ್ಪಳದಲ್ಲೇ ಗೊತ್ತಾಯಿತು. ತಲೆಯೆತ್ತಿ ನೋಡಲಿಲ್ಲ. ತಮಟೆ ಬೀದಿ ದಾಟಿ, ತಿರುವಿನಾಚೆ ಕೇಳಿಸದಷ್ಟು ದೂರ ಹೋಗುವವರೆಗೂ ನಾನು ಕೈ ನಿಲ್ಲಿಸಲಿಲ್ಲ.