ಬೇಗ ಬಂದ ಸಂಜೆ

ಬೋಳಾರದ ಮಾಯಿಲಪ್ಪ ಮೂವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿದವರು. ಅಂಗಡಿ ಮುಚ್ಚಿದ ಮೇಲೂ ಕೈ ಸುಮ್ಮನಿರಲಿಲ್ಲ. ಜೊತೆಗಿದ್ದ ಅಕ್ಕ ಹೇಮಾಕ್ಷಿಗೆ ಗ್ಲಾಕೋಮಾದಿಂದ ಕಣ್ಣು ಪೂರ್ತಿ ಹೋಗಿ ಆರು ವರ್ಷವಾಗಿತ್ತು. ಆದರೂ ಮುಸ್ಸಂಜೆಗೆ ದೇವರಿಗೆ ದೀಪ ಹಚ್ಚುವುದನ್ನು ಅವರು ಬಿಟ್ಟಿರಲಿಲ್ಲ. ಹೊತ್ತು ಕಂತಿತೇ ಎಂದು ದಿನವೂ ತಮ್ಮನನ್ನು ಕೇಳುವುದು ಮಾತ್ರ ಅವರಿಗೆ ಹಿಡಿಸುತ್ತಿರಲಿಲ್ಲ.

ಅದಕ್ಕೇ ಮಾಯಿಲಪ್ಪ ಒಂದು ಅಲಾರಂ ಮಾಡಿದರು. ಬೆಳಕು ತಗ್ಗಿದ್ದನ್ನು ತಿಳಿಯುವ ಕಡಲೆಕಾಳಿನಷ್ಟು ಸೆನ್ಸರ್, ಒಂದು ಟ್ರಾನ್ಸಿಸ್ಟರ್, ಒಂದು ಬಝರ್, ಬ್ಯಾಟರಿ. ಎಷ್ಟು ಕತ್ತಲಾದರೆ ಕೂಗಬೇಕೆಂದು ಹೊಂದಿಸಲು ಸಣ್ಣ ತಿರುಪು. ಜಗಲಿಯಲ್ಲಿ ಕುಳಿತು, ಕತ್ತಲಾಯಿತು ಎಂದು ತಮಗೆ ಕಂಡಾಗ ಅದು ಕೂಗುವಂತೆ ತಿರುಪು ತಿರುಗಿಸಿಟ್ಟರು.

ಮರುಸಂಜೆ ಅದು ಕೂಗಿತು. ಓಣಿಯಲ್ಲಿ ಮಕ್ಕಳಿನ್ನೂ ಕ್ರಿಕೆಟ್ ಆಡುತ್ತಿದ್ದಾರೆ, ಚೆಂಡು ಕಾಣುವಷ್ಟು ಬೆಳಕಿರಲೇಬೇಕು ಎಂದರು ಹೇಮಾಕ್ಷಿ. ಮಾಯಿಲಪ್ಪನಿಗೆ ಗೊಂದಲವಾಯಿತು. ಹೊರಗೆ ಮಬ್ಬು ಕವಿದಿತ್ತಲ್ಲ? ಸೆನ್ಸರ್ ಬದಲಿಸಿದರು. ಸ್ಕೂಟರಿನಲ್ಲಿ ಹಂಪನಕಟ್ಟೆಯ ಪೇಟೆಗೆ ಹೋಗಿ ಹೊಸ ಟ್ರಾನ್ಸಿಸ್ಟರ್ ತಂದರು. ಮೋಡದ ಕಾರಣ ಎಂದುಕೊಂಡರೆ ಬಿಸಿಲಿನ ದಿನವೂ ಅದೇ ಕತೆ. ಮೀಟರ್ ಹಿಡಿದರೆ ಎಲ್ಲ ಸರಿ. ಎಷ್ಟು ಸಲ ಹೊಂದಿಸಿದರೂ ತಿರುಪು ಹೆಚ್ಚುಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು.

ಎರಡು ವಾರ ಹೀಗೇ ಕಳೆಯಿತು. ಒಂದು ಸಂಜೆ ಬಝರ್ ಕೂಗಿದಾಗ ಪಕ್ಕದ ಮನೆಯ ಅಶ್ಮಿತಾ ತನ್ನ ಜಗಲಿಯಲ್ಲಿ ಕುಳಿತು ರವಿಕೆಗೆ ಹುಕ್ ಹೊಲಿಯುತ್ತಿದ್ದಳು. ಮಾಯಿಲಪ್ಪ ಅಲ್ಲಿಗೇ ಹೋದರು.

“ಆ ಕಪ್ಪು ಬಟ್ಟೆಯಲ್ಲಿ ಲೈಟ್ ಹಾಕದೆ ಹೇಗೆ ಹೊಲಿಯುವುದು ನೀನು?”

“ಕಪ್ಪು ಎಲ್ಲಿ ಅಂಕಲ್? ಹಸಿರು. ಹಳದಿ ಹೂ ಉಂಟಲ್ಲ.”

ಅವರು ಬಗ್ಗಿ ನೋಡಿದರು. ಹೂ ಕಾಣಲಿಲ್ಲ. ಅವಳು ಲೈಟ್ ಹಾಕಿದ ಮೇಲೆ ಕಂಡಿತು.

ಮನೆಗೆ ಬಂದು ಇದನ್ನು ಹೇಳಿದಾಗ ಹೇಮಾಕ್ಷಿ ಹೊಸೆಯುತ್ತಿದ್ದ ಬತ್ತಿಯನ್ನು ಕೆಳಗಿಟ್ಟರು.

“ಮಾಯಿಲ, ನನಗೂ ಮೊದಮೊದಲು ಹೀಗೇ. ಸಂಜೆ ಬೇಗ ಆಗ್ತಾ ಇತ್ತು. ಬಲ್ಬಿನದ್ದೇ ತೊಂದರೆ ಅಂತ ಎಣಿಸಿದ್ದೆ. ನಾಳೆಯೇ ಡಾಕ್ಟರ ಹತ್ತಿರ ಹೋಗುವ.”

ಆಸ್ಪತ್ರೆಯಲ್ಲಿ ಮಾಯಿಲಪ್ಪನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಬಟನ್ ಒತ್ತಲು ಹೇಳಿದರು. ನಡುನಡುವೆ ಬಹಳ ಹೊತ್ತು ಏನೂ ಕಾಣಲಿಲ್ಲ. ಯಂತ್ರ ನಿಂತಿತೇ ಎಂದು ಮಾಯಿಲಪ್ಪ ಕೇಳಿದರು. ನಿಂತಿಲ್ಲ ಎಂದಳು ನರ್ಸ್.

ಅಕ್ಕನಿಗೆ ಬಂದ ಕಾಯಿಲೆಯೇ ತಮ್ಮನಿಗೂ. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಹೇಳಿದರು. ದಿನಕ್ಕೆ ಎರಡು ಸಲ ಹನಿ ಮದ್ದು. ಸಂಜೆಯ ಮೇಲೆ ಸ್ಕೂಟರ್ ಬೇಡ.

ಬಸ್ಸಿನಲ್ಲಿ ಬರುವಾಗ ಮಾಯಿಲಪ್ಪ ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣು ಮುಚ್ಚಿ, ರಸ್ತೆಯನ್ನು ನೋಡುತ್ತಲೇ ಇದ್ದರು. ಎಲ್ಲವೂ ಎಂದಿನಂತೆಯೇ ಕಾಣುತ್ತಿತ್ತು. ಯಾವುದು ಕಾಣುತ್ತಿಲ್ಲ ಎಂದು ಅವರಿಗೆ ಗೊತ್ತಾಗಲೇ ಇಲ್ಲ.