ಎಲ್ಲದಕ್ಕೂ ಹೌದು ಎನ್ನುವ ಸರ್ವರ್

ನಾನು ಹುಟ್ಟು ಪುಕ್ಕಲಿ. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿ ಸಿದ್ಧಕಟ್ಟೆ ದಾಟುವಷ್ಟರಲ್ಲಿ, ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಅತ್ತೆಗೆ ಫೋನು ಮಾಡದ ದಿನವಿಲ್ಲ. "ನಿನ್ನ ಹೆದರಿಕೆಗೆ ಮದ್ದಿಲ್ಲ ಮಾರಾಯ್ತಿ" ಎಂದು ಬೈದುಕೊಂಡೇ ಅವರು ಅಡುಗೆಮನೆಗೆ ಹೋಗಿ ನೋಡುತ್ತಾರೆ. ಇಂಥವಳ ಕೈಗೆ ಮೂಡುಬಿದಿರೆ ಹತ್ತಿರದ ಒಂದು ಸಣ್ಣ ಕಾಲೇಜಿನವರು ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ಕೊಟ್ಟಿದ್ದರು. ಕೊಟ್ಟವರ ಧೈರ್ಯವನ್ನು ಮೆಚ್ಚಬೇಕು.

ಆ ವರ್ಷ ಲ್ಯಾಬಿಗೆ ಹೊಸ ಕಂಪ್ಯೂಟರುಗಳು ಬಂದವು. ಹಿಂದೆಲ್ಲ ಒಂದೊಂದರ ಮುಂದೆಯೂ ಕುಳಿತು, ಪೆನ್‌ಡ್ರೈವ್ ಚುಚ್ಚಿ, ಆಪರೇಟಿಂಗ್ ಸಿಸ್ಟಮ್ ಹಾಕಿ ಹಾಕಿ ನನಗೆ ಸಾಕುಬೇಕಾಗಿತ್ತು. ಈ ಸಲ ಒಂದು ಸರ್ವರಿನಿಂದಲೇ ಎಲ್ಲಕ್ಕೂ ಹಾಕುವ ಏರ್ಪಾಡು ಮಾಡಿದೆ. ನಮ್ಮಲ್ಲಿ ಹಳೆಯದಿರಲಿ ಹೊಸದಿರಲಿ, ಕಂಪ್ಯೂಟರಿಗೆ ಕರೆಂಟು ಬಂದ ಕೂಡಲೇ ಅದು ಎದ್ದು, ವಯರಿನ ಆಚೆ ಸರ್ವರ್ ಇದೆಯೇ ಎಂದು ಕೇಳುತ್ತದೆ. ಸರ್ವರ್ ಓಗೊಟ್ಟರೆ ಉಳಿದದ್ದೆಲ್ಲ ತನ್ನಷ್ಟಕ್ಕೆ ನಡೆಯುತ್ತದೆ. ಮೊದಮೊದಲು ನಡೆಯಲೇ ಇಲ್ಲ. ಹೊಸ ಕಂಪ್ಯೂಟರುಗಳ ನೆಟ್‌ವರ್ಕ್ ಕಾರ್ಡು ಸರ್ವರಿಗೆ ಗುರುತಿಲ್ಲದ್ದು. ಅರ್ಧಕ್ಕೆ ಬಂದು ನೆಟ್‌ವರ್ಕ್ ಇಲ್ಲ ಎಂದು ಮುಷ್ಕರ ಹೂಡುತ್ತಿತ್ತು. ಆ ಕಾರ್ಡಿನ ಗುರುತು ಹೇಳುವ ಡ್ರೈವರ್ ಎಂಬ ತಂತ್ರಾಂಶವನ್ನು ಹುಡುಕಿ ತಂದು ಸರ್ವರಿನ ಹೊಟ್ಟೆಗೆ ಸೇರಿಸಿದ ಮೇಲೆ ದಾರಿಗೆ ಬಂತು.

ನನ್ನನ್ನು ಹೆದರಿಸಿದ್ದು ಅದಲ್ಲ. ಕೈಯಿಂದ ಹಾಕುವಾಗ ಯಂತ್ರ ನಮ್ಮನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತದೆ. ಈ ಡಿಸ್ಕಿನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ? ಆಗ ಕೈ ಹಿಂದೆ ಎಳೆದುಕೊಳ್ಳಬಹುದು. ತನ್ನಷ್ಟಕ್ಕೆ ನಡೆಯಬೇಕಾದರೆ ಈ ಪ್ರಶ್ನೆಗಳಿಗೆಲ್ಲ ಮೊದಲೇ ಉತ್ತರ ಬರೆದಿಡಬೇಕು. ಅಳಿಸಲೇ? ಹೌದು. ಖಂಡಿತವೇ? ಹೌದು. ಹಾಗೆ ಬರೆದ ದಿನ ಬಸ್ಸಿನಲ್ಲಿ ಗ್ಯಾಸಿನ ಯೋಚನೆಯೇ ಬರಲಿಲ್ಲ, ಆ ಹೌದುಗಳೇ ತಲೆಯಲ್ಲಿ ಕುಳಿತಿದ್ದವು.

ಅದಕ್ಕೇ ಸರ್ವರನ್ನೂ ಹೊಸ ಕಂಪ್ಯೂಟರುಗಳನ್ನೂ ಒಂದು ಪ್ರತ್ಯೇಕ ನೆಟ್‌ವರ್ಕ್ ಪೆಟ್ಟಿಗೆಗೆ ನೀಲಿ ವಯರುಗಳಿಂದ ಜೋಡಿಸಿದೆ. ಅದರ ಮೇಲಿನ ಹಲಗೆಯಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು. ಅದರಿಂದ ಹೊರಟ ಒಂದು ಹಳದಿ ವಯರು ವರಾಂಡದ ತುದಿಯ ಕೋಣೆಗೆ, ಕನ್ನಡ ಟೀಚರ ಹಳೆಯ ಕಂಪ್ಯೂಟರಿಗೆ ಹೋಗುತ್ತಿತ್ತು. ಎರಡು ಪೆಟ್ಟಿಗೆಗಳಿಗೂ ಸಂಬಂಧವೇ ಇರಲಿಲ್ಲ.

ಟೀಚರ್ ಅಳದಂಗಡಿಯವರು. ಅವರ ತಾಯಿ ಭತ್ತದ ನೇಜಿ ನೆಡುವಾಗ ತುಳುವಿನ ಹಾಡುಗತೆ ಪಾಡ್ದನ ಹೇಳುವುದರಲ್ಲಿ ಎತ್ತಿದ ಕೈಯಂತೆ. ಕೊನೆಯ ವರ್ಷಗಳಲ್ಲಿ ಗದ್ದೆಗೆ ಇಳಿಯಲಾಗದೆ ಮನೆಯ ಜಗಲಿಯಲ್ಲೇ ಕುಳಿತು ಹೇಳಿದ್ದನ್ನು ಟೀಚರ್ ಮೊಬೈಲಿನಲ್ಲಿ ಹಿಡಿದು ಈ ಕಂಪ್ಯೂಟರಿಗೆ ತುಂಬಿದ್ದರು. ಮೊಬೈಲು ಹಾಳಾಯಿತು, ಹಿಂದಿನ ಮಳೆಗಾಲದಲ್ಲಿ ತಾಯಿಯೂ ತೀರಿಕೊಂಡರು. ಆ ಸ್ವರ ಉಳಿದದ್ದು ಈ ಒಂದು ಡಬ್ಬಿಯಲ್ಲಿ ಮಾತ್ರ. "ಇನ್ನೊಂದು ಕಡೆ ಕಾಪಿ ಇಡುವ ಟೀಚರ್" ಎಂದರೆ, "ಮಾಡುವ, ಮಾಡುವ, ಅವಸರ ಎಂತ ಉಂಟು?" ಎನ್ನುತ್ತಿದ್ದರು. ಅದನ್ನು ಮುಟ್ಟಿದರೆ ಏನಾದರೂ ಆದೀತೆಂಬ ಹೆದರಿಕೆ ಅವರಿಗೆ. ಕಂಪ್ಯೂಟರನ್ನು ಆರಿಸುತ್ತಲೂ ಇರಲಿಲ್ಲ. ಪರದೆ ಮಾತ್ರ ಬಂದ್ ಮಾಡಿ ಮನೆಗೆ ಹೋಗುತ್ತಿದ್ದರು. ಕರೆಂಟು ಹೋಗಿ ಬಂದರೂ ತಾನಾಗಿ ಏಳುವ ಹಾಗೆ ನನ್ನಿಂದಲೇ ಮಾಡಿಸಿಕೊಂಡಿದ್ದರು.

ವರ್ಷದಲ್ಲಿ ಒಂದೇ ದಿನ ಅದೂ ಆರುತ್ತಿತ್ತು, ಆಯುಧ ಪೂಜೆಯ ದಿನ. ಅಂದು ಇಡೀ ಮಹಡಿಯ ಮೇನ್ ಸ್ವಿಚ್ ಕೆಳಗಿಳಿಸಿ, ಎಲ್ಲವನ್ನೂ ಒರೆಸಿ, ಗಂಧ ಹಚ್ಚಿ, ಹೂ ಮುಡಿಸಿ, ಪೂಜೆಯಾದ ಮೇಲೆಯೇ ಮತ್ತೆ ಕರೆಂಟು.

"ಮಂಗಳಾರತಿ ಆಗುವಾಗ ನಾನೇ ಸ್ವಿಚ್ ಹಾಕ್ತೇನೆ" ಎಂದರು ಕಾಲೇಜಿನ ಸಂಚಾಲಕರು. "ಎಲ್ಲವೂ ಒಟ್ಟಿಗೆ ತನ್ನಷ್ಟಕ್ಕೆ ಏಳಬೇಕು. ಜನ ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಆಯ್ತಾ?"

ಆಯ್ತು ಸರ್ ಎಂದೆ. ಹೊಸ ಕಂಪ್ಯೂಟರುಗಳಿಗೆಲ್ಲ ಆಗಲೇ ಸಿಸ್ಟಮ್ ಹಾಕುವುದೆಂದಾಯಿತು. ಪೂಜೆಯ ದಿನ ಬೆಳಿಗ್ಗೆಯೇ ಬಂದು ಸರ್ವರನ್ನು ಬ್ಯಾಟರಿಯ ಮೇಲೆ ಎಬ್ಬಿಸಿ ಇಟ್ಟು, ಹಣ್ಣುಕಾಯಿ ಜೋಡಿಸಲು ಹೋದೆ.

ಭಟ್ರು ಮಂಗಳಾರತಿ ಎತ್ತಿದಾಗ ಲ್ಯಾಬಿನ ತುಂಬ ಜನ. ನನ್ನ ಪಕ್ಕದಲ್ಲಿ ನಿಂತಿದ್ದ ಅಟೆಂಡರ್, ನಮಗಿಂತ ಹಿರಿಯರು, ನನ್ನ ಕಿವಿಯ ಹತ್ತಿರ ಬಗ್ಗಿ ಸಂತೋಷದಿಂದ ಹೇಳಿದರು. "ಈ ಸಲ ಲಾಯ್ಕದಲ್ಲಿ ಒರೆಸಿದ್ದೇನೆ ಮೇಡಂ. ಆ ಲೈಟು ಮಿಣುಕುವ ಪೆಟ್ಟಿಗೆಗಳದ್ದೂ ವಯರೆಲ್ಲ ತೆಗೆದು, ಧೂಳು ಹೊಡೆದು, ತಿರುಗಿ ಹಾಕಿದ್ದೇನೆ. ಒಂದು ತೂತೂ ಖಾಲಿ ಬಿಡಲಿಲ್ಲ."

ಜನರ ತಲೆಗಳ ನಡುವಿನಿಂದ ಕಣ್ಣು ಹಾಯಿಸಿದೆ. ಕೆಳಗಿನ ಪೆಟ್ಟಿಗೆಗೆ ಗೊಂಡೆ ಹೂವಿನ ಮಾಲೆ. ಮಾಲೆಯ ಕೆಳಗೆ ಸಾಲಾಗಿ ನೀಲಿ ವಯರುಗಳು, ಅವುಗಳ ಕೊನೆಯಲ್ಲಿ ಒಂದು ಹಳದಿ.

ದೇವರೇ! ನಿಲ್ಲಿಸಿ ಎಂದು ಕೂಗಬೇಕಿತ್ತು. ಮಂಗಳಾರತಿಗೆ ಅಡ್ಡ ಬಾಯಿ ಹಾಕುವುದು ಹೇಗೆ ಎಂದು ಆ ಗಳಿಗೆಯಲ್ಲೂ ಯೋಚಿಸಿದೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ! ಅಷ್ಟರಲ್ಲಿ ಸಂಚಾಲಕರು ಸ್ವಿಚ್ ಹಾಕಿಯೇಬಿಟ್ಟರು. ಸಾಲು ಸಾಲು ಪರದೆಗಳು ಬೆಳಗಿದವು, ಜನ ಚಪ್ಪಾಳೆ ತಟ್ಟಿದರು.

ವರಾಂಡದ ತುದಿಯಲ್ಲಿ ಟೀಚರ ಕಂಪ್ಯೂಟರೂ ಎದ್ದಿರುತ್ತದೆ. ಸರ್ವರ್ ಇದೆಯೇ ಎಂದು ಕೇಳಿರುತ್ತದೆ. ಇದ್ದೇನೆ ಬಾ ಎಂದಿರುತ್ತದೆ ಇದು. ಹೊಸದಕ್ಕಾದರೆ ಡ್ರೈವರಿನ ತಕರಾರಿತ್ತು. ಹಳೆಯ ಕಾರ್ಡಿನ ಗುರುತು ಸರ್ವರಿಗೆ ಮೊದಲಿನಿಂದಲೇ ಚೆನ್ನಾಗಿ ಇತ್ತು. ತಡೆಯುವವರು ಯಾರೂ ಇರಲಿಲ್ಲ. ಅಳಿಸಲೇ? ಹೌದು.

ಹೇಗೆ ನುಗ್ಗಿದೆನೋ ಗೊತ್ತಿಲ್ಲ. ಯಾರದೋ ಕೈಯ ಪಂಚಕಜ್ಜಾಯ ನೆಲಕ್ಕೆ ಚೆಲ್ಲಿತು, ಯಾರದೋ ಕಾಲು ತುಳಿದೆ. ಮಾಲೆ ಕಿತ್ತು ಹಳದಿ ವಯರನ್ನು ಎಳೆದೆ. "ಎಂತ ಇದು, ದೇವರ ಎದುರು!" ಎಂದು ಸಂಚಾಲಕರು ಗದರಿದರು. ವಯರು ಎಳೆಯುವ ಮೊದಲೇ ಕೆಲಸ ಮುಗಿದಿದ್ದರೆ? ಡಿಸ್ಕು ಅಳಿಸುವುದಕ್ಕೆ ಎಷ್ಟು ಹೊತ್ತು ಬೇಕು, ಕಣ್ಣುಮುಚ್ಚಿ ಬಿಡುವಷ್ಟು.

"ಟೀಚರ್, ಕೀ! ನಿಮ್ಮ ಕೋಣೆಯ ಕೀ!"

ಟೀಚರ್ ತೀರ್ಥಕ್ಕೆ ಕೈ ಚಾಚಿ ನಿಂತಿದ್ದರು. ನನ್ನ ಮುಖ ನೋಡಿದವರೇ ಏನೂ ಕೇಳದೆ ನನ್ನ ಹಿಂದೆ ಓಡಿ ಬಂದರು. ಬೀಗವನ್ನು ಅವರೇ ತೆಗೆದರು. ಪರದೆ ಹಾಕಿದೆ. ಸರ್ವರಿನ ನೀಲಿ ಬಣ್ಣ ಅಲ್ಲಿಗೂ ಬಂದು ಕುಳಿತಿತ್ತು. ನಡುವೆ ಒಂದೇ ಸಾಲು: ಸರ್ವರಿನ ಸಂಪರ್ಕ ಕಡಿದುಹೋಗಿದೆ. ಅಳಿಸುವ ಮೊದಲು ಕಡಿಯಿತೋ, ಅಳಿಸಿದ ಮೇಲೋ, ಅದನ್ನು ಮಾತ್ರ ಹೇಳಲಿಲ್ಲ. ನಾನು ಪ್ಲಗ್ಗನ್ನೇ ಕಿತ್ತುಬಿಟ್ಟೆ.

"ಎಂತಾಯ್ತು?" ಟೀಚರ ಸ್ವರ ಸಣ್ಣದಾಗಿತ್ತು.

"ಟೀಚರ್, ಒಳಗೆ ಇದ್ದದ್ದೆಲ್ಲ ಹೋಗಿರಬಹುದು. ಹೋಗದೆಯೂ ಇರಬಹುದು. ನನಗೆ ಗೊತ್ತಿಲ್ಲ."

"ಅಮ್ಮನದ್ದು?"

ಅದೂ ಎಂಬಂತೆ ನಾನು ತಲೆ ಆಡಿಸಿದೆ. ಅವರು ಗೋಡೆ ಹಿಡಿದು ಕುರ್ಚಿಯಲ್ಲಿ ಕುಳಿತರು. ಬೈದಿದ್ದರೆ ಸಹಿಸುತ್ತಿದ್ದೆ. ಅವರು ಬೈಯಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತರು. ಅದನ್ನು ನೋಡಲಾಗದೆ ನಾನು ಮೇಜಿನ ಮೇಲಿದ್ದ ಹೂವನ್ನು ನೋಡಿದೆ.

ಕಂಪ್ಯೂಟರನ್ನು ಮತ್ತೆ ಹಚ್ಚಲೇಬೇಕಿತ್ತು. ನನಗೆ ಧೈರ್ಯವಿರಲಿಲ್ಲ. ಹಚ್ಚದೆ ಇರುವಷ್ಟು ಹೊತ್ತು ಅದು ಹೋಗಿಲ್ಲವಲ್ಲ ಎಂಬ ಹುಚ್ಚು ಸಮಾಧಾನ. "ಹಾಕಿ" ಎಂದರು ಟೀಚರ್, "ಒಮ್ಮೆ ನೋಡಿಬಿಡುವ." ಹಳದಿ ವಯರನ್ನು ಕಂಪ್ಯೂಟರಿನ ಹಿಂದಿನಿಂದಲೂ ಕಿತ್ತು, ಎರಡೆರಡು ಸಲ ನೋಡಿ, ಪ್ಲಗ್ ಚುಚ್ಚಿದೆ. ಕಪ್ಪು ಪರದೆ. ಮುದಿ ಯಂತ್ರ ಗರಗರ ಎನ್ನುತ್ತ ಇಲ್ಲದ ವಯರಿನಲ್ಲಿ ಸರ್ವರನ್ನು ಹುಡುಕಿತು. ಸಿಗಲಿಲ್ಲ. ಮತ್ತೆ ಕಪ್ಪು. ನಾನು ಕಣ್ಣು ಮುಚ್ಚಿಕೊಂಡೆ.

"ಬಂತು" ಎಂದರು ಟೀಚರ್.

ಕಣ್ಣು ಬಿಟ್ಟರೆ ಅವರ ಹಳೆಯ ಪರದೆ, ಅದೇ ದಾಸವಾಳದ ಚಿತ್ರ. ಆಗಲೂ ನನಗೆ ನಂಬಿಕೆ ಬರಲಿಲ್ಲ. ಫೋಲ್ಡರಿನ ಹೆಸರು ಉಳಿದು ಒಳಗೆ ಏನೂ ಇಲ್ಲದೆ ಇರಬಹುದು. ಟೀಚರ್ ನನ್ನ ಕೈಯನ್ನು ಸರಿಸಿ ತಾವೇ ಒಂದನ್ನು ಒತ್ತಿದರು.

ಮೊದಲು ಕೋಳಿಯ ಸದ್ದು. ಆಮೇಲೆ ಪಾತ್ರೆ ಬಿದ್ದ ಸದ್ದು. ಮತ್ತೆ ಮುದುಕಿಯೊಬ್ಬರು ಕೆಮ್ಮಿ, ಗಂಟಲು ಸರಿಮಾಡಿಕೊಂಡರು. ಪಾಡ್ದನ ಶುರುವಾಗುತ್ತದೆ ಎಂದುಕೊಂಡರೆ, ಅಲ್ಲ, ಎದುರು ಮೊಬೈಲು ಹಿಡಿದು ಕುಳಿತ ಮಗಳಿಗೆ ಊಟ ಆಯಿತೇ ಎಂದು ತುಳುವಿನಲ್ಲಿ ವಿಚಾರಿಸಿದರು.

"ವನಸ್ ಆಂಡಾ?"

ಕೆಳಗಿನ ಸಭಾಂಗಣದಲ್ಲಿ ಪೂಜೆಯ ಊಟಕ್ಕೆ ಎಲೆ ಹಾಕುತ್ತಿದ್ದರು. ನಮ್ಮನ್ನು ಕರೆಯಲು ಅಟೆಂಡರ್ ಬಾಗಿಲಿಗೆ ಬಂದು ನಿಂತಿದ್ದರು. ಬೆಳಗ್ಗಿನಿಂದ ಉಪವಾಸವಿದ್ದ ಟೀಚರ್ ಪರದೆಯಿಂದ ಕಣ್ಣು ತೆಗೆಯದೆ ತುಳುವಿನಲ್ಲೇ ಉತ್ತರಿಸಿದರು.

"ಆಂಡ್ ಅಮ್ಮ."