ಮುಂಚೆ ಹೇಳಬಾರದ ಮಾತು

ಆ ಜರ್ಮನ್ ಅಜ್ಜಿಯ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಉಗುರು ಹುಟ್ಟಬೇಕಾದ ಜಾಗದಲ್ಲೇ ಬೆರಳು ಮುಗಿದು, ಅಲ್ಲಿ ಚರ್ಮ ನುಣ್ಣಗೆ ಗಂಟು ಕಟ್ಟಿಕೊಂಡಿತ್ತು. ಆ ಮೋಟು ಬೆರಳಿನಿಂದಲೇ ಕೇಕಿನ ನೆತ್ತಿ ಒತ್ತಿ ಬೆಂದಿದೆಯೋ ಇಲ್ಲವೋ ನೋಡುತ್ತಿದ್ದರು. ಅದನ್ನೇ ಆಡಿಸಿ ಮಕ್ಕಳನ್ನು ಗದರುತ್ತಿದ್ದರು. ಬೆರಳಿಗೆ ಏನಾಯಿತು ಎಂದು ಕೇಳಿದ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ. ಒಬ್ಬನಿಗೆ ಮೊಸಳೆ, ಇನ್ನೊಬ್ಬಳಿಗೆ ಬಾಗಿಲ ಸಂದು. ನನಗೆ ಎರಡು ವರ್ಷದ ಮೇಲೆ ನಿಜ ಹೇಳಿದರು. ಜರ್ಮನಿಯಲ್ಲಿ ಅವರ ಅಪ್ಪನ ಬೇಕರಿ ಇತ್ತಂತೆ. ಬ್ರೆಡ್ಡು ಕೊಯ್ಯುವ ಯಂತ್ರಕ್ಕೆ ಏಳನೇ ವಯಸ್ಸಿನಲ್ಲಿ ಬೆರಳು ಕೊಟ್ಟಿದ್ದರು.

ನಾನು ಮಂಡ್ಯದ ಕಡೆಯವಳು. ಗಂಡನ ಕೆಲಸದ ದೆಸೆಯಿಂದ ಆರು ವರ್ಷ ಜರ್ಮನಿಯಲ್ಲಿದ್ದು, ಮಗಳನ್ನು ಅಲ್ಲೇ ಹೆತ್ತು, ಆಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನಿಗೆ ಬಂದು ಬಿದ್ದೆವು. ಐದು ವರ್ಷದ ಮಗಳಿಗೆ ಡೇಕೇರಿನಲ್ಲಿ ಕಲಿತ ಜರ್ಮನ್ ಬಿಟ್ಟರೆ ಬೇರೆ ಮಾತಿಲ್ಲ. ಕನ್ನಡ ಕಿವಿಗೆ ಇಳಿಯುತ್ತಿತ್ತು, ನಾಲಿಗೆಗೆ ಬರುತ್ತಿರಲಿಲ್ಲ. ಹೊಸ ಸ್ಕೂಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ವಾರಕ್ಕೆ ಮೂರು ಗಂಟೆಯಾದರೂ ಮಾತಾಡಲಿ ಅಂತ ವಾಲ್ನಟ್ ಕ್ರೀಕಿನಲ್ಲಿ ನಡೆಯುವ ಶನಿವಾರದ ಜರ್ಮನ್ ಶಾಲೆಗೆ ಸೇರಿಸಿದೆ. ನಮ್ಮ ಕನ್ನಡದ ಗೆಳತಿಯೊಬ್ಬಳು, "ಕನ್ನಡ ಶಾಲೆ ಬಿಟ್ಟು ಜರ್ಮನ್ನಾ? ಏನ್ರೀ, ವಾಪಸ್ ಹೋಗೋ ಪ್ಲ್ಯಾನಾ?" ಅಂದಳು. ಗೆಳತಿ ಎಂದದ್ದು ಬಾಯಿಮಾತಿಗೆ. ಗಣೇಶನ ಹಬ್ಬದ ಪಾಟ್‌ಲಕ್ಕಿನಲ್ಲಿ ಕೋಸಂಬರಿ ಬಡಿಸಿದರೆ ಮತ್ತೆ ಮುಂದಿನ ಗಣೇಶನಿಗೇ ನಮ್ಮ ಭೇಟಿ.

ಮೊದಲ ನಾಲ್ಕು ಶನಿವಾರ ಮಗಳನ್ನು ಕ್ಲಾಸಿಗೆ ಬಿಟ್ಟು ಪಾರ್ಕಿಂಗ್ ಲಾಟಿನಲ್ಲೇ ಕೂತಿದ್ದೆ. ಮನೆಗೆ ಹೋಗಿ ಮಾಡುವುದಾದರೂ ಏನು? ಗಂಡನಿಗೆ ವಾರವೆಲ್ಲ ಮೆನ್ಲೋ ಪಾರ್ಕಿನ ಆಫೀಸು, ಶನಿವಾರ ನಿದ್ದೆ. ಸ್ಟೀಲಿನ ಡಬ್ಬಿಯಲ್ಲಿ ಚಿತ್ರಾನ್ನ ಇಟ್ಟುಕೊಂಡು ಕಾರಿನಲ್ಲಿ ಒಬ್ಬಳೇ ತಿನ್ನುತ್ತಿದ್ದೆ. ಐದನೇ ಶನಿವಾರ ಗಾಜಿನ ಮೇಲೆ ಟಕ್ ಟಕ್ ಎಂದಿತು. ಏಪ್ರನ್ ಕಟ್ಟಿಕೊಂಡ ಮುದುಕಿಯೊಬ್ಬರು ಬಗ್ಗಿ ನಿಂತು, ನಾಲ್ಕು ವಾರದಿಂದ ನೋಡುತ್ತಿದ್ದೇನೆ ಎಂದು ಜರ್ಮನಿನಲ್ಲಿ ಹೇಳಿದರು. ಆಮೇಲೆ ಅಂದರು:

"ಒಳಗೆ ಕುರ್ಚಿ ಇದೆ. ಕಾರು ತನ್ನ ಪಾಡಿಗೆ ನಿಂತಿರುತ್ತದೆ."

ಅವರು ಆ ಶಾಲೆಯ ಟೀಚರಲ್ಲ, ಆಡಳಿತದವರೂ ಅಲ್ಲ. ಮಗಳ ಕ್ಲಾಸಿನ ಮಕ್ಕಳು ಓಮಾ ಎನ್ನುತ್ತಿದ್ದರು, ಜರ್ಮನಿನಲ್ಲಿ ಅಜ್ಜಿ ಅಂತ. ನಾನೂ ಮನೆಯಲ್ಲಿ ಅಜ್ಜಿ ಎಂದೇ ಹೇಳುತ್ತಿದ್ದೆ. ಅವರ ಕೆಲಸ ಕಾಫಿ ಮೇಜು. ಶಾಲೆ ನಡೆಯುತ್ತಿದ್ದುದು ಬಾಡಿಗೆಗೆ ಪಡೆದ ಕಟ್ಟಡದಲ್ಲಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಒಂದು ಮೊಳೆಯೂ ಉಳಿಯದ ಹಾಗೆ ಎಲ್ಲ ಎತ್ತಿಕೊಂಡು ಹೋಗಬೇಕು. ಹಾಗಿದ್ದೂ ಪ್ರತಿ ಶನಿವಾರ ಬಟ್ಟೆ ಒಗೆಯುವ ಎರಡು ಬುಟ್ಟಿಗಳಲ್ಲಿ ಪಿಂಗಾಣಿ ಕಪ್ಪು ಸಾಸರು, ಇಸ್ತ್ರಿ ಮಾಡಿದ ಮೇಜುಬಟ್ಟೆ, ಮನೆಯಲ್ಲಿ ಬೇಯಿಸಿದ ಕೇಕು ಹೊತ್ತು ತರುತ್ತಿದ್ದರು. ಮಧ್ಯಾಹ್ನ ಎಲ್ಲ ತೊಳೆದು ಮತ್ತೆ ಬುಟ್ಟಿಗೆ. ಕಾಗದದ ಲೋಟ ತರಬಾರದೇ ಎಂದು ನಾನು ಒಮ್ಮೆ ಕೇಳಿದೆ. ಮೋಟು ಬೆರಳು ಎದ್ದಿತು.

"ಕಾಗದದ ಲೋಟ ಹೊರಟವರಿಗೆ. ಕೂತವರಿಗೆ ಪಿಂಗಾಣಿ."

ಆ ಮೇಜಿನ ಸುತ್ತ ಕೂರುತ್ತಿದ್ದವರನ್ನು ನೋಡಿದರೆ ನಗು ಬರುತ್ತಿತ್ತು. ಅಸಲಿ ಜರ್ಮನರು ಮಕ್ಕಳನ್ನು ಇಳಿಸಿ ಜಾಗಿಂಗಿಗೋ ಗ್ರೋಸರಿಗೋ ಹೋಗಿಬಿಡುತ್ತಿದ್ದರು. ಉಳಿಯುತ್ತಿದ್ದವರು ಮದುವೆಯಿಂದಲೋ ಕೆಲಸದಿಂದಲೋ ಜರ್ಮನ್ ಭಾಷೆಗೆ ಗಂಟುಬಿದ್ದ ನನ್ನಂಥವರು: ಒಬ್ಬಳು ಮೆಕ್ಸಿಕೊದವಳು, ಇಬ್ಬರು ಚೀನೀಯರು, ಒಬ್ಬ ಕೊರಿಯಾದ ತಂದೆ. ಯಾರ ಜರ್ಮನ್ನೂ ನೆಟ್ಟಗಿಲ್ಲ. ಅಜ್ಜಿ ಯಾರನ್ನೂ ತಿದ್ದುತ್ತಿರಲಿಲ್ಲ. ತಡವರಿಸಿದರೆ ಇನ್ನೊಂದು ತುಂಡು ಕೇಕು ತಟ್ಟೆಗೆ ಹಾಕಿ ಕಾಯುತ್ತಿದ್ದರು. ನಾನು ಹೋಗುವುದು ಹತ್ತು ನಿಮಿಷ ತಡವಾದರೆ ನನ್ನ ಕಪ್ಪಿನ ಮೇಲೆ ಸಾಸರು ಮುಚ್ಚಿಟ್ಟಿರುತ್ತಿದ್ದರು. ಇಷ್ಟು ದೊಡ್ಡ ಬೇ ಏರಿಯಾದಲ್ಲಿ ನನಗಾಗಿ ಯಾರಾದರೂ ಕಾಯುತ್ತಾರೆ ಎಂಬುದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಆ ಮುಚ್ಚಿದ ಸಾಸರು ಒಂದೇ.

ವಾರಕ್ಕೊಂದು ದಿನದ ಶಾಲೆ ಎಂದ ಮೇಲೆ ಹಬ್ಬಗಳೆಲ್ಲ ಶನಿವಾರಕ್ಕೇ ಬಂದು ನಿಲ್ಲಬೇಕು. ನವೆಂಬರಿನಲ್ಲಿ ಮಕ್ಕಳು ಕಾಗದದ ಲಾಟೀನು ಹಿಡಿದು ಹಾಡುತ್ತ ನಡೆಯುವ ಹಬ್ಬ ಅವರಲ್ಲಿ ಕತ್ತಲಾದ ಮೇಲಿನದು. ಇಲ್ಲಿ ಹಗಲು ಹನ್ನೊಂದಕ್ಕೆ, ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ, ಪಾರ್ಕಿಂಗ್ ಲಾಟಿನ ಸುತ್ತ. ಒಳಗೆ ಬ್ಯಾಟರಿ ಬಲ್ಬು ಉರಿಯುತ್ತಿದೆಯೋ ಇಲ್ಲವೋ ದೇವರಿಗೇ ಗೊತ್ತು. ಅಜ್ಜಿ ಕೊನೆಯಲ್ಲಿ ತಮ್ಮದೊಂದು ಹಳೆಯ ಲಾಟೀನು ಹಿಡಿದು, ಕತ್ತಲಲ್ಲಿ ನಡೆಯುವವರ ಹಾಗೆ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು.

ಕಪ್ಪಿನ ಬುಟ್ಟಿಯಲ್ಲೇ ಸುರುಳಿ ಸುತ್ತಿದ ಒಂದು ಕ್ಯಾಲೆಂಡರೂ ಬರುತ್ತಿತ್ತು. ಅದರಲ್ಲಿ ವರ್ಷವಿಲ್ಲ, ವಾರವಿಲ್ಲ, ತಿಂಗಳು ಮತ್ತು ತಾರೀಖು ಮಾತ್ರ. ಎದುರಿಗೆ ಹುಟ್ಟಿದವರ ಹೆಸರು. ಅಡುಗೆಮನೆಯ ಬಾಗಿಲಿಗೆ ತೂಗುಹಾಕಿ ಹೊಸಬರ ಹೆಸರು ಬರೆದುಕೊಳ್ಳುತ್ತಿದ್ದರು. ನನ್ನದೂ ಕೇಳಿದರು. ತಾರೀಖು ಸಾಲದು, ಹೊತ್ತೂ ಬೇಕಂತೆ. ಊರಿಗೆ ಫೋನು ಮಾಡಿ ಅಮ್ಮನನ್ನು ಕೇಳಿದೆ. "ಹಾಲು ಕರಿಯೋ ಹೊತ್ತು ಕಣೇ. ಗಡಿಯಾರ ಯಾರ್ ನೋಡ್ತಾ ಕೂತಿದ್ರು?" ಅಂದಳು. ನಾನು ಅದನ್ನೇ ಹೇಳಿದೆ. ಅಜ್ಜಿ ನಗಲಿಲ್ಲ. ನನ್ನ ಹೆಸರಿನ ಪಕ್ಕ ತಮ್ಮ ಭಾಷೆಯಲ್ಲಿ 'ಬೆಳಿಗ್ಗೆ, ಹಾಲು ಕರೆಯುವಾಗ' ಎಂದು ಗಂಭೀರವಾಗಿ ಬರೆದುಕೊಂಡರು.

ನನ್ನ ಮಗಳಿಗೆ ಒಂಬತ್ತು ವರ್ಷವಾದಾಗ ಅಜ್ಜಿಗೆ ಎಂಬತ್ತು ತುಂಬುವುದಿತ್ತು. ಅದು ನನಗೆ ಗೊತ್ತಾದದ್ದೂ ಆ ಕ್ಯಾಲೆಂಡರಿನಿಂದ, ಮತ್ತೆ ಅವರು ಹಿಂದೆ ಯಾವಾಗಲೋ ಹೇಳಿದ ವರ್ಷದಿಂದ. ನವೆಂಬರಿನ ಬುಧವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ. ಆ ವಾರದ ಶನಿವಾರ ಶಾಲೆಗೆ ರಜೆ. ಹಾಗಾದರೆ ಹಿಂದಿನ ಶನಿವಾರವೇ ಮಾಡಿಬಿಡೋಣ ಎಂದುಕೊಂಡೆ. ಕತ್ತಲ ಹಬ್ಬವನ್ನೇ ಹಗಲಿಗೆ ಎಳೆದು ತಂದವರಿಗೆ ನಾಲ್ಕು ದಿನ ಯಾವ ಲೆಕ್ಕ? ಶುಭಸ್ಯ ಶೀಘ್ರಂ ಎಂದು ಕಲಿತವಳು ನಾನು. ಮೇಜಿನವರಿಗೆಲ್ಲ ಗುಟ್ಟಾಗಿ ಹೇಳಿ, ಮೇಲೆ ಎಂಬತ್ತು ಎಂದು ಬರೆಸಿದ ದೊಡ್ಡ ಕೇಕು ತಂದು, ಮೇಣದಬತ್ತಿ ಹಚ್ಚಿದೆ. ಅಜ್ಜಿ ಕಾಫಿ ಜಗ್ಗು ಹಿಡಿದು ಬಂದ ತಕ್ಷಣ ಎಲ್ಲರೂ ಹಾಡಿದೆವು. ನನ್ನ ದನಿಯೇ ಎಲ್ಲರಿಗಿಂತ ಜೋರು.

ಅವರು ಜಗ್ಗು ಕೆಳಗಿಡಲಿಲ್ಲ. ಹಾಡು ಮುಗಿಯುವ ಮೊದಲೇ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗೆ ನಲ್ಲಿ ಬಿಟ್ಟ ಸದ್ದು. ಅಷ್ಟರಲ್ಲಿ ಬಿಡುವಿನ ಬೆಲ್ಲಾಗಿ ಮಗಳು ಓಡಿಬಂದಳು. ಕೇಕು ನೋಡಿ ಅವಳ ಮುಖ ಬಿಳಿಚಿಕೊಂಡಿತು. ಹುಟ್ಟಿದ ದಿನ ಬರುವ ಮುಂಚೆ ಶುಭ ಹೇಳಬಾರದಂತೆ, ಹೇಳಿದರೆ ಕೇಡಂತೆ, ಅದಕ್ಕೇ ಓಮಾ ಯಾವಾಗಲೂ ಆಮೇಲಿನ ಶನಿವಾರವೇ ಮೇಣದಬತ್ತಿ ಕೊಡುವುದಂತೆ. ಅರ್ಧ ಇಂಗ್ಲಿಷು ಅರ್ಧ ಜರ್ಮನಿನಲ್ಲಿ ನನಗೆ ಬುದ್ಧಿ ಹೇಳಿದಳು. ನಾಲ್ಕು ವರ್ಷದಿಂದ ನಾನೂ ಅದನ್ನು ನೋಡಿದ್ದೆ, ಅವರ ಅನುಕೂಲಕ್ಕೆ ಎಂದುಕೊಂಡಿದ್ದೆ. ಆರು ವರ್ಷ ಅವರ ದೇಶದಲ್ಲೇ ಇದ್ದವಳಿಗೆ ಇಷ್ಟು ತಿಳಿಯಬಾರದೇ ಎಂದು ನೀವು ಕೇಳಬಹುದು. ಹುಟ್ಟಿದ ದಿನಕ್ಕೆ ಶುಭ ಹೇಳುವಷ್ಟು ಹತ್ತಿರದವರು ಅಲ್ಲಿ ನನಗೆ ಒಬ್ಬರೂ ಇರಲಿಲ್ಲ.

ಅಜ್ಜಿ ಹೊರಗೆ ಬಂದರು. ಕೇಕಿನ ಡಬ್ಬಿಗೆ ಮುಚ್ಚಳ ಹಾಕಿ ತಮ್ಮ ಬುಟ್ಟಿಗಿಟ್ಟರು. ಎಂದಿನ ಹಾಗೆ ತಮ್ಮ ಕೇಕು ಕೊಯ್ದು ಎಲ್ಲರಿಗೂ ಹಂಚಿದರು. ನನ್ನ ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು:

"ನನ್ನಮ್ಮ ಹೋಗಿದ್ದು ಎಪ್ಪತ್ತೊಂಬತ್ತಕ್ಕೆ. ಅಕ್ಕನೂ ಎಪ್ಪತ್ತೊಂಬತ್ತಕ್ಕೆ. ನಾನು ಸದ್ದಿಲ್ಲದೆ ದಾಟಿಬಿಡೋಣ ಅಂತಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ನಾಲ್ಕು ದಿನ ನಾನು ಪಟ್ಟ ಪಾಡು ಯಾರಿಗೂ ಬೇಡ. ಇದನ್ನೆಲ್ಲ ನಂಬುವವಳಲ್ಲ ನಾನು ಎಂದು ದಿನಕ್ಕೆ ಹತ್ತು ಸಲ ಹೇಳಿಕೊಂಡೆ. ಬೆಕ್ಕು ಅಡ್ಡ ಬಂದರೆ ಕಾರು ನಿಲ್ಲಿಸುವವಳೂ ನಾನೇ. ಮನೆದೇವರಿಗೆ ತಪ್ಪುಗಾಣಿಕೆ ಕಟ್ಟಿಟ್ಟೆ; ಜರ್ಮನ್ ಅಜ್ಜಿಯ ಆಯಸ್ಸಿನ ಜವಾಬ್ದಾರಿ ಮಂಡ್ಯದ ದೇವರ ಮೇಲೆ. ಗಂಡ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಅಂದರು. ಅಮ್ಮ ಮಾತ್ರ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, "ಅವ್ರ ಶಾಸ್ತ್ರ ಅವ್ರಿಗೆ. ಆ ದಿನ ಹೋಗಿ ಕಣ್ಣಾರೆ ನೋಡ್ಕೊಂಡು ಬಾ" ಅಂದಳು.

ಬುಧವಾರ ಬೆಳಿಗ್ಗೆ ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಇನ್ನೆರಡು ಸಲ. ಎತ್ತಲಿಲ್ಲ. ಕಾರು ತೆಗೆದೆ. ಥ್ಯಾಂಕ್ಸ್‌ಗಿವಿಂಗಿಗೆ ಊರಿಗೆ ಹೊರಟವರೆಲ್ಲ ಸಿಕ್ಸ್ ಎಯ್ಟಿ ಫ್ರೀವೇಯ ಮೇಲೆ ನಿಂತಿದ್ದರು. ಅವರ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿದೆ. ಬೆಲ್ಲು ಒತ್ತಿದೆ. ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಬಿಳಿ ರವಿಕೆಯಂಥ ಅಂಗಿ ತೊಟ್ಟು, ತಲೆ ಬಾಚಿಕೊಂಡು ಅಜ್ಜಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೋಟು ಬೆರಳು ಮೇಲೆದ್ದಿತು.

"ನಾನು ಹುಟ್ಟಿದ್ದು ಮೂರು ಗಂಟೆಗೆ. ಇನ್ನೂ ಇಪ್ಪತ್ತು ನಿಮಿಷ ಇದೆ. ಕೂತುಕೊಳ್ಳಿ."

ಅದಕ್ಕೇ ಫೋನು ಎತ್ತಿರಲಿಲ್ಲ. ಮೇಜಿನ ಮೇಲೆ ಬಟ್ಟೆ ಹಾಸಿತ್ತು. ಒಂದೇ ಒಂದು ಕಪ್ಪು ಇಟ್ಟಿತ್ತು. ಎಂಬತ್ತು ತುಂಬುವ ದಿನ ಒಂದೇ ಕಪ್ಪು ಇಟ್ಟುಕೊಂಡು ಕೂತಿದ್ದ ಹೆಂಗಸನ್ನು ನೋಡಿ ನನಗೆ ಅಳು ಬಂತು, ಅದೂ ಮುಂಚೆ ಆಗಿಬಿಡುತ್ತದೇನೋ ಎಂದು ನುಂಗಿಕೊಂಡೆ. ಒಬ್ಬನೇ ಮಗ ಬೇರೆ ರಾಜ್ಯದಲ್ಲಿದ್ದ, ಸಾಯಂಕಾಲ ಫೋನು ಮಾಡುತ್ತಾನೆ ಎಂದರು. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ಕೂತಿದ್ದೆವು. ಮುಳ್ಳು ಮೂರಕ್ಕೆ ಬಂದು, ಅದರ ಮೇಲೂ ಒಂದು ನಿಮಿಷ ದಾಟಲಿ ಎಂದು ಕಾದು, ಅವರು ಕೈ ಚಾಚಿದರು.

"ಈಗ ಹೇಳಿ."

ಹೇಳಿದೆ. ಅವರ ಮೋಟು ಬೆರಳು ನನ್ನ ಅಂಗೈಯೊಳಗಿತ್ತು. ಆಮೇಲೆ ಎದ್ದು ಎರಡನೇ ಕಪ್ಪು ತಂದಿಟ್ಟರು, ಫ್ರಿಜ್ಜಿನಿಂದ ಶನಿವಾರದ ನನ್ನ ಕೇಕು ತೆಗೆದರು. ಒಂದು ತುತ್ತು ತಿಂದು, ತುಂಬಾ ಸಿಹಿ, ಹಿಟ್ಟೂ ಸರಿಯಾಗಿ ಕಲಸಿಲ್ಲ ಎಂದು ತೀರ್ಪು ಕೊಟ್ಟು, ಇನ್ನೊಂದು ತುಂಡು ಹಾಕಿಕೊಂಡರು. ಹೊರಡುವಾಗ ಬಾಗಿಲಲ್ಲಿ ಹೇಳಿದರು: "ಹಬ್ಬ ಊರಿನದು, ಎಳೆದರೆ ಬರುತ್ತದೆ. ಹುಟ್ಟಿದ ದಿನ ಒಬ್ಬರದು. ಅದು ಬರುವ ತನಕ ಯಾರಾದರೂ ಜೊತೆಗೆ ಕಾಯಬೇಕು."

ಆ ವರ್ಷದಿಂದ ನನ್ನ ಹುಟ್ಟಿದ ದಿನಕ್ಕೆ ಅವರ ಕಾರ್ಡು ತಪ್ಪಲಿಲ್ಲ. ಯಾವಾಗಲೂ ಒಂದು ದಿನ ತಡವಾಗಿ ಬರುತ್ತಿತ್ತು. ಆವತ್ತು ಬೆಳಿಗ್ಗೆಯೇ ಡಬ್ಬಿಗೆ ಹಾಕುತ್ತಿದ್ದರಂತೆ. ಮೊದಲೇ ಹಾಕಿದರೆ ಅಂಚೆಯವರು ಎಲ್ಲಿ ಮುಂಚೆ ತಲುಪಿಸಿಬಿಡುತ್ತಾರೋ ಎಂಬ ಭಯ. ಮಗಳು ಹನ್ನೆರಡನೇ ವಯಸ್ಸಿಗೆ ಜರ್ಮನ್ ಶಾಲೆ ಬಿಟ್ಟಳು. ನಾನು ಬಿಡಲಿಲ್ಲ. ಮಗಳೇ ಹೋಗದ ಶಾಲೆಗೆ ನೀನ್ಯಾಕೆ ಎಂದು ಗಂಡ ನಗುತ್ತಿದ್ದರು. ಕಪ್ಪು ಒರೆಸುವುದಕ್ಕೆ ಎನ್ನುತ್ತಿದ್ದೆ. ಎರಡು ವರ್ಷದ ಹಿಂದೆ ಊರಿನಲ್ಲಿ ಅಮ್ಮ ಹೋದಳು. ಗಂಡನಿಗೆ ನನ್ನ ಹುಟ್ಟಿದ ದಿನವನ್ನು ಫೋನು ನೆನಪಿಸಬೇಕು. ಕೇಳದೆ, ಮರೆಯದೆ ಆ ದಿನವನ್ನು ಇಟ್ಟುಕೊಂಡವರು ಭೂಮಿಯ ಮೇಲೆ ಅಜ್ಜಿಯೊಬ್ಬರೇ ಉಳಿದರು.

ಕಳೆದ ವಾರ ಅವರೂ ಹೋದರು. ಎಂಬತ್ತನಾಲ್ಕು. ಮಧ್ಯಾಹ್ನ ಕುರ್ಚಿಯಲ್ಲಿ ಕೂತವರು ಹಾಗೇ. ಮೊನ್ನೆ ಶನಿವಾರ ಕಾಫಿ ಮೇಜಿನ ಅದೇ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಮಗ ಬಂದಿದ್ದರು. ತುಂಬ ಒಳ್ಳೆಯವರು, ಅಮ್ಮನ ಭಾಷೆ ಬಾರದು. ಅಂಗಡಿಯಿಂದ ರಟ್ಟಿನ ಪೆಟ್ಟಿಗೆಯಲ್ಲಿ ಕಾಫಿ ತರಿಸಿ ಕಾಗದದ ಲೋಟ ಜೋಡಿಸಿಟ್ಟಿದ್ದರು. ನಾನು ಅವರು ಓಡಿಸಿಕೊಂಡು ಬಂದಿದ್ದ ಅಜ್ಜಿಯ ಕಾರಿನಿಂದ ಬುಟ್ಟಿ ಎತ್ತಿ ತಂದು ಪಿಂಗಾಣಿ ಜೋಡಿಸಿದೆ. ಎಲ್ಲ ತೊಳೆದು ಮುಗಿದ ಮೇಲೆ ಅವರು ಒಂದು ಲಕೋಟೆ ಕೊಟ್ಟರು. ಅಮ್ಮನ ಮೇಜಿನ ಮೇಲೆ ಹುಟ್ಟಿದ ದಿನಗಳ ಕ್ಯಾಲೆಂಡರಿನ ಪಕ್ಕ ಇತ್ತು, ನಿಮ್ಮ ವಿಳಾಸವಿದೆ, ಸ್ಟಾಂಪೂ ಹಚ್ಚಿದ್ದಾರೆ, ಹೇಗೂ ಎದುರಿಗೇ ಸಿಕ್ಕಿದಿರಲ್ಲ ಎಂದರು. ಮೂಲೆಯಲ್ಲಿ ಪೆನ್ಸಿಲಿನಿಂದ ಅಂಚೆಗೆ ಹಾಕಬೇಕಾದ ತಾರೀಖು ಬರೆದಿತ್ತು, ಬರುವ ಬುಧವಾರ, ನನ್ನ ಹುಟ್ಟಿದ ದಿನ. ಅದನ್ನು ನೋಡಿ ಅವರು ನನ್ನ ಕೈ ಕುಲುಕಿ ನಗುತ್ತ, "ಅಡ್ವಾನ್ಸ್ ಹ್ಯಾಪಿ ಬರ್ತ್‌ಡೇ" ಅಂದರು.

ಅವರಿಗೇನು ಗೊತ್ತು ಪಾಪ. ಥ್ಯಾಂಕ್ಯೂ ಎಂದೆ.

ಇವತ್ತು ಸೋಮವಾರ. ಲಕೋಟೆ ಊಟದ ಮೇಜಿನ ಮೇಲೆ, ಸಕ್ಕರೆ ಡಬ್ಬಿಗೆ ಒರಗಿ ಕೂತಿದೆ. ಮಗಳು ಬೆಳಿಗ್ಗೆಯಿಂದ ಮೂರು ಸಲ, "ಜಸ್ಟ್ ಓಪನ್ ಇಟ್, ಅಮ್ಮಾ" ಅಂದಳು. ಆಮೇಲೆ ಅವಳಿಗೇ ಏನು ತೋಚಿತೋ, ಬಂದು ಪಕ್ಕದಲ್ಲಿ ಕೂತಳು. ಒಳಗೆ ಬರೆದಿರುವುದು ಎರಡೇ ಸಾಲು ಇರಬಹುದು, ಪ್ರತಿ ವರ್ಷ ಬರೆಯುತ್ತಿದ್ದುದೇ ಇರಬಹುದು. ನನಗೆ ಬರುವ ಕೊನೆಯ ಕಾರ್ಡು ಅದು. ಒಂದು ಸಲ ತೆರೆದರೆ ಮುಗಿಯಿತು. ಬುಧವಾರ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಬಟ್ಟೆ ಹಾಸಿ, ಎರಡು ಕಪ್ಪಿಟ್ಟು ತೆರೆಯುತ್ತೇನೆ. ಅಲ್ಲಿಯ ತನಕ ಯಾರ ಫೋನೂ ಎತ್ತುವುದಿಲ್ಲ.